ಗ್ರಹಣದ ದಿನ ಹಿಡಿದ ಕತ್ತರಿ

ಮಗಳ ಬೆನ್ನಿನಲ್ಲಿ ಏನೋ ವ್ಯತ್ಯಾಸ ಇದೆ ಅಂತ ನನಗೆ ಮೊದಲು ತಿಳಿಸಿದ್ದು ನನ್ನ ಅಳತೆ ಟೇಪು.

2024ರ ಜೂನ್. ಗದಗದ ಬೆಟಗೇರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಮಷಿನ್ ಇದೆ. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರ್ಮ್ ಕೆಲಸ ಜಾಸ್ತಿ. ಊರ ಮಕ್ಕಳದ್ದೆಲ್ಲ ಮುಗಿಸಿ ಕೊನೆಗೆ ಮಗಳ ಫ್ರಾಕಿಗೆ ಕೈ ಹಾಕಿದೆ. ಹಾಕಿಸಿ ನೋಡಿದರೆ ಬಲಗಡೆ ಅಂಚು ಮೇಲಿತ್ತು. ನನ್ನದೇ ತಪ್ಪು ಅಂದುಕೊಂಡು ಬಿಚ್ಚಿ ಮತ್ತೆ ಹೊಲಿದೆ. ಮತ್ತೆ ಹಾಗೇ. ಆಗ ಫ್ರಾಕು ಬಿಚ್ಚಿಸಿ, ಬೆಳಕಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಬಲಭುಜ ಒಂದು ಬೆರಳು ಎತ್ತರ. ಎಡ ಸೊಂಟದಲ್ಲಿ ಒಂದು ಮಡಿಕೆ, ಬಲಗಡೆ ಅದು ಇಲ್ಲ. ಅವಳಿಗೆ ಆಗ ನಾಲ್ಕು ತುಂಬಲು ಎರಡು ತಿಂಗಳಿತ್ತು. ನೋವಿಲ್ಲ, ಓಡಾಟಕ್ಕೆ ತೊಂದರೆಯಿಲ್ಲ. ಸ್ನಾನ ಮಾಡಿಸುವಾಗ ದಿನವೂ ನೋಡುವ ಬೆನ್ನು ಅದು. ನೋಡಿರಲೇ ಇಲ್ಲ ನಾನು.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆಯಲಿಲ್ಲ. ಕೂರುವ ರೂಢಿ ಸರಿಯಿಲ್ಲ, ಬೆಳೆದ ಹಾಗೆ ಸರಿಹೋಗುತ್ತದೆ ಅಂದರು. ಕ್ಯಾಲ್ಸಿಯಂ ಸಿರಪ್ ಬರೆದುಕೊಟ್ಟರು. ಎಂಟು ತಿಂಗಳು ನಾವು ಅದನ್ನೇ ನಂಬಿದೆವು. ದಿನಾ ಎಣ್ಣೆ ಹಚ್ಚಿ ತಿಕ್ಕಿದೆ. ಊಟಕ್ಕೆ ಕೂತಾಗ, ಬರೆಯಲು ಕೂತಾಗ "ನೆಟ್ಟಗೆ ಕೂಡು" ಅಂತ ಗದರಿದೆ. ಒಂದೆರಡು ಸಲ ಬೆನ್ನ ಮೇಲೆ ಏಟೂ ಕೊಟ್ಟೆ. ಅವಳು ನೆಟ್ಟಗೇ ಕೂತಿದ್ದಳು. ಅವಳಿಗೆ ಸಾಧ್ಯವಿದ್ದಷ್ಟು ನೆಟ್ಟಗೆ ಅದೇ ಆಗಿತ್ತು. ಇದನ್ನು ಬರೆಯುವಾಗಲೂ ನನ್ನ ಕೈ ನಿಲ್ಲುತ್ತದೆ.

2025ರ ಫೆಬ್ರವರಿಯಲ್ಲಿ ಹುಬ್ಬಳ್ಳಿಗೆ ಹೊರಟೆವು. ಗದಗದಿಂದ ಸುಮಾರು 60 ಕಿಲೋಮೀಟರ್. ಹುಲಕೋಟಿ, ಅಣ್ಣಿಗೇರಿ, ಹೆಬಸೂರು, ಕುಸುಗಲ್ಲು ದಾಟಿ ಹೋಗುವ ದಾರಿ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಆದಮೇಲೆ ಹೋಗಿಬರುವ ಖರ್ಚಿಗೆ ಹೆದರುವುದು ತಪ್ಪಿದೆ. ಆಸ್ಪತ್ರೆಗೆ ಪದೇ ಪದೇ ತಿರುಗುವವರಿಗೆ ಅದು ಸಣ್ಣ ಮಾತಲ್ಲ.

ಅಲ್ಲಿನ ಡಾಕ್ಟರು ಮಗಳಿಗೆ ಎರಡೂ ಕೈ ಜೋಡಿಸಿ ಮುಂದಕ್ಕೆ ಬಾಗಲು ಹೇಳಿದರು. ಬಾಗಿದಾಗ ಬೆನ್ನಿನ ಬಲಭಾಗ ದಿಬ್ಬದ ಹಾಗೆ ಎದ್ದಿತು. ಆಮೇಲೆ ಬೆನ್ನಿನ ಚರ್ಮವನ್ನು ಮೇಲಿಂದ ಕೆಳಗೆ ಸಾವಕಾಶ ನೋಡಿದರು. ಎಲ್ಲಾದರೂ ಕೂದಲ ಗೊಂಚಲು, ಗುಳಿ, ಕಲೆ ಇದೆಯಾ ಅಂತ. ಅಂಥ ಗುರುತಿದ್ದರೆ ಒಳಗಿನ ಬೆನ್ನುಹುರಿಯಲ್ಲೂ ತೊಂದರೆ ಇರಬಹುದಂತೆ. ಪಾದಗಳನ್ನು ಜೋಡಿಸಿ ಎರಡೂ ಒಂದೇ ಅಳತೆ ಇವೆಯಾ ನೋಡಿದರು. ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳಾ, ನಡೆಯುವಾಗ ಎಡವುತ್ತಾಳಾ ಅಂತ ಕೇಳಿದರು. ಬೆನ್ನು ತೋರಿಸಲು ಬಂದರೆ ಪಾದ ಯಾಕೆ ನೋಡುತ್ತಾರೆ ಅಂತ ಆಗ ನನಗೆ ಅರ್ಥವಾಗಿರಲಿಲ್ಲ.

ನಿಲ್ಲಿಸಿ ಇಡೀ ಬೆನ್ನಿನ ಎಕ್ಸ್‌ರೇ ತೆಗೆಸಿದರು. ಪರದೆಯ ಮೇಲೆ ಅದನ್ನು ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ಬಟ್ಟೆಯ ಉದ್ದನೆ ಪಟ್ಟಿಗೆ ಒಂದೇ ಬದಿಯಲ್ಲಿ ತ್ರಿಕೋನದ ತುಂಡು ಸೇರಿಸಿ ಹೊಲಿದರೆ ಏನಾಗುತ್ತದೆ? ಪಟ್ಟಿ ಇನ್ನೊಂದು ಬದಿಗೆ ವಾಲುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ನೆಟ್ಟಗಾಗುವುದಿಲ್ಲ. ಮಗಳ ಬೆನ್ನಿನಲ್ಲೂ ಅಂಥದೇ ಒಂದು ತ್ರಿಕೋನ ಇತ್ತು. ಎದೆಭಾಗದ 12 ಬೆನ್ನುಮಣಿಗಳಲ್ಲಿ 11ನೆಯದು. ಅದರ ಬಲಭಾಗ ಮಾತ್ರ ಇತ್ತು, ಎಡಭಾಗ ಹುಟ್ಟೇ ಇರಲಿಲ್ಲ. ಹೆಮಿವರ್ಟಿಬ್ರಾ ಅಂದರು ಡಾಕ್ಟರು. ಅರೆಮಣಿ ಅಂತ ನಾನು ಕನ್ನಡ ಮಾಡಿಕೊಂಡೆ. ಇದರಿಂದ ಬರುವ ಡೊಂಕಿಗೆ ಹುಟ್ಟಿನಿಂದ ಬಂದ ಸ್ಕೋಲಿಯೋಸಿಸ್ ಅನ್ನುತ್ತಾರೆ.

ಅವರು ಎಕ್ಸ್‌ರೇ ಮೇಲೆ ಎರಡು ಗೆರೆ ಎಳೆದು ಕೋನ ಅಳೆದರು. ಅದಕ್ಕೆ ಕಾಬ್ ಕೋನ ಅಂತ ಹೆಸರು. ಅಮೆರಿಕದ ಕಾಬ್ ಅನ್ನುವ ಮೂಳೆ ಡಾಕ್ಟರು 1948ರಲ್ಲಿ ವಿವರಿಸಿದ ಅಳತೆ ಇವತ್ತಿಗೂ ನಡೆಯುತ್ತಿದೆ. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್. ಮಗಳದ್ದು 29.

ಕೂರುವ ರೂಢಿಯಿಂದಾಗಲಿ, ಶಾಲೆಯ ಬ್ಯಾಗಿನಿಂದಾಗಲಿ ಮಣಿ ಅರ್ಧ ಆಗುವುದಿಲ್ಲ. ಎಣ್ಣೆ ತಿಕ್ಕಿದರೆ, ಕ್ಯಾಲ್ಸಿಯಂ ಕುಡಿಸಿದರೆ ಇಲ್ಲದ ಅರ್ಧ ಬರುವುದೂ ಇಲ್ಲ. ಬೆಲ್ಟು ಹಾಕಿದರೆ ಸರಿಹೋಗುತ್ತದಾ ಅಂತ ನನ್ನ ಗಂಡ ಕೇಳಿದರು. ದೊಡ್ಡ ಮಕ್ಕಳಿಗೆ ಬರುವ ಬೇರೆ ಥರದ ಡೊಂಕಿಗೆ ಬೆಲ್ಟಿನಿಂದ ಉಪಯೋಗ ಇದೆ, ಮೂಳೆಯ ಆಕಾರವೇ ಹೀಗಿರುವಾಗ ಅದರಿಂದ ಹೆಚ್ಚು ಪ್ರಯೋಜನ ಇಲ್ಲ ಅಂದರು. ಮುಖ್ಯ ಸಂಗತಿ ಬೇರೆ ಇತ್ತು. ಕೆಲವು ಮಕ್ಕಳಲ್ಲಿ ಅರೆಮಣಿ ಅಕ್ಕಪಕ್ಕದ ಮಣಿಗೆ ಅಂಟಿಕೊಂಡಿರುತ್ತದೆ. ಆಗ ಅದು ಬೆಳೆಯುವುದಿಲ್ಲ, ಡೊಂಕೂ ಅಷ್ಟಾಗಿ ಹೆಚ್ಚುವುದಿಲ್ಲ. ಮಗಳದ್ದು ಹಾಗಲ್ಲ. ಮೇಲೆ ಒಂದು ಡಿಸ್ಕ್ (ಮಣಿಗಳ ನಡುವಿನ ಮೆತ್ತೆ), ಕೆಳಗೆ ಒಂದು ಡಿಸ್ಕ್, ಪೂರ್ತಿ ಬಿಡಿಯಾಗಿತ್ತು. ಅಂದರೆ ಬಲಗಡೆ ಬೆಳೆಯುತ್ತದೆ, ಎಡಗಡೆ ಬೆಳೆಯಲು ಏನೂ ಇಲ್ಲ. ಮಗು ಬೆಳೆದ ಹಾಗೆ ಡೊಂಕೂ ಬೆಳೆಯಬಹುದು. ಮೊದಲ ಐದು ವರ್ಷ ಮತ್ತು ದೊಡ್ಡವಳಾಗುವ ಹೊತ್ತು, ಬೆನ್ನು ಜೋರಾಗಿ ಬೆಳೆಯುವ ಈ ಎರಡು ಕಾಲದಲ್ಲಿ ಹುಷಾರಾಗಿರಬೇಕು ಅಂದರು.

ಆ ರಾತ್ರಿ ಊಟ ಆದಮೇಲೆ ಅತ್ತೆ ನನ್ನ ಹತ್ತಿರ ಬಂದು ಕೂತರು. ಬೈಯಲಿಲ್ಲ, ಮೆಲ್ಲಗೆ ಕೇಳಿದರು. "ಗ್ರಹಣದ ದಿನ ಕತ್ತರಿ ಹಿಡಿದಿದ್ದಿ. ನೆನಪೈತಿ ಏನವ್ವಾ?"

ನೆನಪಿತ್ತು. ಎಕ್ಸ್‌ರೇ ನೋಡಿದಾಗಲೇ ನೆನಪಾಗಿತ್ತು. 2019ರ ಡಿಸೆಂಬರ್ 26, ಗುರುವಾರ. ಬೆಳಗ್ಗೆ 8ರ ಮೇಲೆ ಸೂರ್ಯನಿಗೆ ಗ್ರಹಣ ಹಿಡಿದು 11ರ ಸುಮಾರಿಗೆ ಬಿಟ್ಟಿತು. ನನಗೆ ತಿಂಗಳು ನಿಂತಿತ್ತು. ಗೊತ್ತಾಗಿ ಹತ್ತು ದಿನವೂ ಆಗಿರಲಿಲ್ಲ. ಮರುದಿನದ ಮದುವೆಗೆ ಕೊಡಬೇಕಾದ ಎರಡು ಬ್ಲೌಸು ಬಾಕಿ ಇದ್ದವು. ಬಾಗಿಲು ಹಾಕಿಕೊಂಡು ಬಟ್ಟೆ ಕತ್ತರಿಸಿದೆ. ಅದೇ ದಿನ ಸಂಜೆ ಟಿವಿಯಲ್ಲಿ ಕಲಬುರಗಿ ಕಡೆಯ ಸುದ್ದಿ ಬಂತು. ಅಂಗವಿಕಲ ಮಕ್ಕಳನ್ನು ಗ್ರಹಣದ ಹೊತ್ತಿನಲ್ಲಿ ಕುತ್ತಿಗೆವರೆಗೆ ಹೂತು ನಿಲ್ಲಿಸಿದ್ದರು, ವಾಸಿಯಾಗುತ್ತದೆ ಅಂತ. ಆ ಮಕ್ಕಳ ಅಳು ಕೇಳಲಾಗದೆ ಟಿವಿ ಆರಿಸಿದ್ದೆ. ಇಂಥದ್ದನ್ನೆಲ್ಲ ನಂಬಬಾರದು ಅಂತ ಅವತ್ತು ಅನ್ನಿಸಿತ್ತು. ಆದರೆ ಸ್ವಂತ ಮಗಳ ಎಕ್ಸ್‌ರೇ ಮುಂದೆ ನಿಂತಾಗ ನನಗೆ ಕಂಡಿದ್ದು ನನ್ನ ಕೈಯಲ್ಲಿದ್ದ ಆ ಕತ್ತರಿ. ಓದಿದ್ದೇನೆ, ಪಿಯುಸಿ ಮುಗಿಸಿದ್ದೇನೆ. ಆದರೂ.

ಮನೆಗೆ ಬಂದುಹೋದವರು ಬೇರೆ ಬೇರೆ ಕಾರಣ ಕೊಟ್ಟರು. ನನ್ನ ಗಂಡ ನನಗೆ ಸೋದರತ್ತೆಯ ಮಗ. ರಕ್ತಸಂಬಂಧದಲ್ಲಿ ಮಾಡಿಕೊಂಡಿದ್ದಕ್ಕೇ ಹೀಗಾಯ್ತು ಅಂತ ಕೆಲವರು. ಬಸುರಿಯಾಗಿ ದಿನವಿಡೀ ಮಷಿನ್ ತುಳಿದಳಲ್ಲ, ಅದಕ್ಕೇ ಅಂತ ಕೆಲವರು. ಯಾರೂ ಗಂಡನ ಕಡೆ ಬೆರಳು ತೋರಿಸಲಿಲ್ಲ.

ಮಾರ್ಚ್‌ನಲ್ಲಿ ಉಳಿದ ಪರೀಕ್ಷೆಗಳಾದವು. ಬೆನ್ನುಹುರಿ ಕೆಳಗೆ ಎಲ್ಲಾದರೂ ಸಿಕ್ಕಿಕೊಂಡಿದೆಯಾ, ಸೀಳಿದೆಯಾ ಅಂತ ನೋಡಲು ಎಂಆರ್‌ಐ. ಸಣ್ಣ ಮಕ್ಕಳು ಅಲುಗಾಡದೆ ಮಲಗುವುದಿಲ್ಲ, ಹಾಗಾಗಿ ಮಂಪರಿನ ಔಷಧ ಕೊಟ್ಟು ಮಾಡಿದರು. ಹುರಿ ಸರಿಯಾಗಿತ್ತು. ಎಕೋ ಮಾಡಿಸಿದರು, ಹೃದಯ ಸರಿಯಾಗಿತ್ತು. ಹೊಟ್ಟೆಯ ಸ್ಕ್ಯಾನಿಂಗ್ ಮಾಡುವವರು ಮಾತ್ರ ಎಡಗಡೆ ಬಹಳ ಹೊತ್ತು ಹುಡುಕಿದರು. ಮಗಳನ್ನು ಮಗ್ಗುಲಾಗಿ ಮಲಗಿಸಿದರು, ಬೋರಲು ಮಲಗಿಸಿದರು. ಕೊನೆಗೆ ಹೇಳಿದರು. ಎಡ ಕಿಡ್ನಿ ಇಲ್ಲ.

ನನ್ನ ಕಾಲಲ್ಲಿ ಬಲ ಉಳಿಯಲಿಲ್ಲ. ಡಾಕ್ಟರು ಕೂರಿಸಿ ನೀರು ಕೊಟ್ಟರು. ಬಲಗಡೆಯ ಒಂದೇ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಒಂದರಲ್ಲೇ ಪೂರ್ತಿ ಆಯುಷ್ಯ ಬಾಳುವವರು ಬಹಳ ಜನ ಇದ್ದಾರೆ ಅಂದರು. ವರ್ಷಕ್ಕೊಮ್ಮೆ ಬಿಪಿ ಮತ್ತು ಮೂತ್ರದ ಪರೀಕ್ಷೆ ಮಾಡಿಸಬೇಕು. ನೋವಿನ ಮಾತ್ರೆಗಳನ್ನು ಕೇಳದೆ ಕೊಡಬಾರದು. ಹುಟ್ಟಿನಿಂದ ಬೆನ್ನುಮಣಿಯ ದೋಷ ಇರುವ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಕಿಡ್ನಿ ಅಥವಾ ಮೂತ್ರದ ದಾರಿಯಲ್ಲಿ ಏನಾದರೂ ವ್ಯತ್ಯಾಸ ಇರುತ್ತದಂತೆ. ಅದಕ್ಕೇ ಬೆನ್ನಿಗೆ ಬಂದವರ ಹೊಟ್ಟೆ, ಹೃದಯ ಎಲ್ಲ ನೋಡುವುದು. ನಿಮ್ಮ ಮಗುವಿಗೂ ಅರೆಮಣಿ ಕಂಡುಬಂದಿದ್ದರೆ, ಈ ಸ್ಕ್ಯಾನಿಂಗ್ ಆಗಿದೆಯಾ ಅಂತ ದಯವಿಟ್ಟು ಕೇಳಿ.

ಬೆನ್ನಿನಲ್ಲಿ ಅರ್ಧ ಇಲ್ಲ, ಹೊಟ್ಟೆಯಲ್ಲಿ ಒಂದು ಇಲ್ಲ. ಎರಡೂ ಎಡಗಡೆಯೇ. ಆಗ ನನ್ನೊಳಗೆ ಇಟ್ಟುಕೊಂಡಿದ್ದ ಪ್ರಶ್ನೆ ಹೊರಗೆ ಬಂತು. ಗ್ರಹಣ, ಕತ್ತರಿ, ಮಷಿನ್, ಸಂಬಂಧ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರು ನಗಲಿಲ್ಲ. ಹೊರಗೆ ಸಾಲು ಉದ್ದ ಇತ್ತು, ಆದರೂ ಒಂದು ಹಾಳೆ ತೆಗೆದುಕೊಂಡರು.

ಹೊಟ್ಟೆಯಲ್ಲಿ ಕೂಸು ಹಿಡಿದು 20 ದಿನವಾದಾಗ, ಅದರ ಬೆನ್ನಿನ ಉದ್ದಕ್ಕೂ ಎಡಕ್ಕೊಂದು ಬಲಕ್ಕೊಂದು ಜೋಡಿ ಜೋಡಿ ಗಂಟುಗಳು ಮೂಡಲು ಶುರುವಾಗುತ್ತವೆ. ಇವಕ್ಕೆ ಸೋಮೈಟ್ ಅನ್ನುತ್ತಾರೆ. ದಿನಕ್ಕೆ ಸುಮಾರು ಮೂರು ಜೋಡಿಯಂತೆ, ತಲೆಯ ಕಡೆಯಿಂದ ಕೆಳಕ್ಕೆ ಸಾಲಾಗಿ ಬರುತ್ತವೆ. ಐದನೇ ವಾರ ಮುಗಿಯುವ ಹೊತ್ತಿಗೆ 42ರಿಂದ 44 ಜೋಡಿ. ಒಂದು ಬಡಿತಕ್ಕೆ ಒಂದು ಜೋಡಿ, ಒಳಗೆ ಗಡಿಯಾರ ಇಟ್ಟ ಹಾಗೆ. ನನಗೆ ನಮ್ಮ ಮಾವನ ಕೈಮಗ್ಗದ ಸದ್ದು ನೆನಪಾಯಿತು. ಆಮೇಲೆ ಮೇಲಿನ ಗಂಟಿನ ಕೆಳ ಅರ್ಧ ಮತ್ತು ಕೆಳಗಿನ ಗಂಟಿನ ಮೇಲಿನ ಅರ್ಧ ಸೇರಿ ಒಂದೊಂದು ಮಣಿಯಾಗುತ್ತದೆ. ಎಡದ್ದು ಬಲದ್ದು ನಡುವೆ ಕೂಡುತ್ತವೆ. ಬ್ಲೌಸಿನ ಹುಕ್ಕು ಕಾಜಾದ ಹಾಗೆ ನೋಡಿ ಅಂದರು, ನನ್ನ ಕೆಲಸ ಕೇಳಿಕೊಂಡಿದ್ದರು. ಎಲ್ಲೋ ಒಂದು ಕಡೆ ಒಂದು ಗಂಟು ಸರಿಯಾಗಿ ಮೂಡದಿದ್ದರೆ ಆ ಬದಿಯ ಅರ್ಧಮಣಿ ಇಲ್ಲ. ಕಿಡ್ನಿ ಆಗುವ ಭಾಗ ಇದೇ ಗಂಟುಗಳ ಪಕ್ಕದಲ್ಲೇ ಇರುತ್ತದೆ. ಅದೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಮೊಳೆಯುತ್ತದೆ. ಅದಕ್ಕೇ ಎರಡೂ ಜೊತೆಯಲ್ಲಿ.

ಆಮೇಲೆ ಡಾಕ್ಟರು ನಾನು ಬಸುರಿಯಾಗಿದ್ದಾಗಿನ ತಾಯಿ ಕಾರ್ಡನ್ನು ನೋಡಿ ಲೆಕ್ಕ ಹಾಕಿದರು. ಕೊನೆಯ ಮುಟ್ಟು ನವೆಂಬರ್ 3. ಹಾಗಾದರೆ ಕೂಸು ಹಿಡಿದದ್ದು ನವೆಂಬರ್ 17ರ ಆಸುಪಾಸು. ಗಂಟುಗಳು ಶುರುವಾಗಿದ್ದು ಡಿಸೆಂಬರ್ 7ರ ಸುಮಾರಿಗೆ. ಎದೆಭಾಗದ ಕೆಳಗಿನ ಮಣಿಗಳ ಸರದಿ ಬಂದದ್ದು ಡಿಸೆಂಬರ್ ನಡುವಿಗೆ. "ನೀವು ಕತ್ತರಿ ಹಿಡಿದ ದಿನಕ್ಕೆ ಹತ್ತು ದಿನ ಮೊದಲೇ ಆ ಜಾಗದ ಕೆಲಸ ಮುಗಿದಿತ್ತು" ಅಂದರು. ಸ್ವಲ್ಪ ತಡೆದು ಇನ್ನೊಂದು ಮಾತೂ ಸೇರಿಸಿದರು. "ಅದೇ ದಿನ ಬಂದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಚಂದ್ರನ ನೆರಳಿಗೂ ಇದಕ್ಕೂ ಸಂಬಂಧ ಇಲ್ಲ."

ಹಾಗಾದರೆ ಕಾರಣ ಏನು? ನಾನು ಬಿಡಲಿಲ್ಲ. ಗೊತ್ತಿರುವುದನ್ನು ಅವರು ಒಂದೊಂದಾಗಿ ಹೇಳಿದರು. ಬಸುರಿಯಾಗುವ ಮೊದಲೇ ತಾಯಿಗೆ ಸಕ್ಕರೆ ಕಾಯಿಲೆ ಇದ್ದು ಹತೋಟಿಯಲ್ಲಿ ಇಲ್ಲದಿದ್ದರೆ ಇಂಥ ದೋಷದ ಸಾಧ್ಯತೆ ಹೆಚ್ಚು. ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಅನ್ನುವ ಔಷಧದಿಂದಲೂ ಕೂಸಿನ ಬೆನ್ನಿಗೆ ತೊಂದರೆ ಆಗಬಹುದು. ಹಾಗಂತ ಮೂರ್ಛೆ ಇರುವವರು ಹೆದರಿ ತಾವೇ ಮಾತ್ರೆ ಬಿಡಬಾರದು, ಬಸುರಿಯಾಗುವ ಯೋಚನೆ ಇದ್ದಾಗಲೇ ಡಾಕ್ಟರ ಹತ್ತಿರ ಮಾತಾಡಬೇಕು. ನನಗೆ ಎರಡೂ ಇರಲಿಲ್ಲ. ಆ ಗಂಟುಗಳು ಮೂಡುವ ಹೊತ್ತಿನಲ್ಲಿ ತಾಯಿ ಇಲಿಗೆ ಆಮ್ಲಜನಕ ಕಡಿಮೆ ಮಾಡಿದರೆ ಮರಿಗಳ ಬೆನ್ನುಮಣಿ ಕೆಡುವುದನ್ನು ಪ್ರಯೋಗದಲ್ಲಿ ನೋಡಿದ್ದಾರೆ. ಜೀನ್‌ಗಳ ಪಾತ್ರವೂ ಇದೆ. ಟಿಬಿಎಕ್ಸ್6 ಅನ್ನುವ ಜೀನ್‌ನ ವ್ಯತ್ಯಾಸ ಇಂಥ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದ್ದದ್ದು ಚೀನಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ. ಆ ಪರೀಕ್ಷೆ ಮಾಡಿಸಿದರೂ ಮಗಳ ಚಿಕಿತ್ಸೆ ಬದಲಾಗುವುದಿಲ್ಲ ಅಂದದ್ದಕ್ಕೆ ನಾವು ಮಾಡಿಸಲಿಲ್ಲ.

ಸಂಬಂಧದ ಮದುವೆಯ ಮಾತನ್ನು ಅವರು ತಳ್ಳಿಹಾಕಲಿಲ್ಲ. ಸಂಬಂಧದಲ್ಲಿ ಮದುವೆಯಾದರೆ ಕೆಲವು ಕಾಯಿಲೆಗಳ ಸಾಧ್ಯತೆ ನಿಜವಾಗಿಯೂ ಹೆಚ್ಚು. ಬೆನ್ನಿನದೇ ಒಂದು ಅಪರೂಪದ ಕಾಯಿಲೆ ಇದೆ, ಅದರಲ್ಲಿ ಬಹಳಷ್ಟು ಮಣಿಗಳು, ಪಕ್ಕೆಲುಬುಗಳು ಒಟ್ಟಿಗೇ ಕೆಟ್ಟಿರುತ್ತವೆ. ಅದು ತಾಯಿ ತಂದೆ ಇಬ್ಬರಿಂದಲೂ ಬರಬೇಕು. ಆದರೆ ನಮ್ಮ ಮಗಳ ಹಾಗೆ ಒಂದೇ ಒಂದು ಮಣಿ ಅರ್ಧವಾಗಿರುವುದು ಸಾಮಾನ್ಯವಾಗಿ ವಂಶದಲ್ಲಿ ಹರಿದು ಬರುವಂಥದ್ದಲ್ಲ.

ಫೋಲಿಕ್ ಆಸಿಡ್ ಮಾತ್ರೆ ತಡವಾಗಿ ಶುರುಮಾಡಿದ್ದೆ, ಅದಕ್ಕಾಯಿತಾ ಅಂತಲೂ ಕೇಳಿದೆ. ಆ ಮಾತ್ರೆ ತಡೆಯುವುದು ಬೇರೆ ದೋಷವನ್ನು. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳದೆ ಮಗು ತೆರೆದ ಬೆನ್ನಿನಲ್ಲಿ ಹುಟ್ಟುತ್ತದಲ್ಲ, ಸ್ಪೈನಾ ಬೈಫಿಡಾ, ಅದನ್ನು. ಆ ಕೊಳವೆ 28 ದಿನದೊಳಗೆ ಮುಚ್ಚಬೇಕು. ಅಷ್ಟರಲ್ಲಿ ಎಷ್ಟೋ ಹೆಂಗಸರಿಗೆ ಬಸುರಿ ಅಂತಲೇ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೇ ಮಗು ಬೇಕು ಅನ್ನುವಾಗಲೇ, ಬಸುರಿಯಾಗುವ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರುಮಾಡಬೇಕು. ಮೊದಲ ಮಗುವಿಗೆ ಅಂಥ ದೋಷ ಇದ್ದವರಿಗೆ ಇನ್ನೂ ದೊಡ್ಡ ಡೋಸು, ಡಾಕ್ಟರು ಹೇಳಿದಂತೆ. ಮನೆಗೆ ಬಂದ ದಿನವೇ ನಾದಿನಿಗೆ ಫೋನ್ ಮಾಡಿ ಮಾತ್ರೆ ಶುರುಮಾಡಿಸಿದೆ. ಅವಳಿಗೆ ಮದುವೆಯಾಗಿ ವರ್ಷವಾಗಿತ್ತು. ತಾನೂ ಬಸುರಿ ಇರಬಹುದು ಅಂತ ಅವಳು ಫೋನಿನಲ್ಲೇ ಮೆಲ್ಲಗೆ ಹೇಳಿದಳು.

20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಇದು ಕಾಣಬಹುದಿತ್ತು. ನನ್ನ 20 ವಾರ ತುಂಬಿದ ದಿನ 2020ರ ಮಾರ್ಚ್ 22, ಜನತಾ ಕರ್ಫ್ಯೂ. ಎರಡು ದಿನ ಬಿಟ್ಟು ಲಾಕ್‌ಡೌನ್ ಘೋಷಣೆಯಾಯಿತು. ಆ ಸ್ಕ್ಯಾನಿಂಗ್ ಆಗಲೇ ಇಲ್ಲ. ಆಗಿದ್ದರೂ ಒಂಟಿ ಅರೆಮಣಿ ಎಷ್ಟೋ ಸಲ ಕಣ್ಣು ತಪ್ಪಿಸುತ್ತದಂತೆ.

ಆಗಸ್ಟ್‌ನಲ್ಲಿ ಎರಡನೇ ಎಕ್ಸ್‌ರೇಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಕೋನ 32 ಬಂತು. ನನ್ನ ಎದೆ ಧಸಕ್ಕೆಂದಿತು. ಡಾಕ್ಟರು ತಡೆದರು. ಮೂರು ಡಿಗ್ರಿ ಅಂದರೆ ಗೆರೆ ಎಳೆಯುವುದರಲ್ಲೇ ಆಗುವ ವ್ಯತ್ಯಾಸವೂ ಇರಬಹುದು. ಒಂದೇ ಮೈಯನ್ನು ಎರಡು ಸಲ ಅಳೆದರೆ ಟೇಪು ಅರ್ಧ ಇಂಚು ಹೆಚ್ಚುಕಡಿಮೆ ತೋರಿಸುವುದು ನನಗೆ ಗೊತ್ತಿರುವ ಸಂಗತಿ. ಮುಂದಿನ ಫೆಬ್ರವರಿಯ ಎಕ್ಸ್‌ರೇಯಲ್ಲೂ ಏರಿದ್ದರೆ ಆಪರೇಷನ್. ಅರೆಮಣಿಯನ್ನು ತೆಗೆದು, ಮೇಲಿನ ಕೆಳಗಿನ ಮಣಿಗಳನ್ನು ಸ್ಕ್ರೂ ಹಾಕಿ ಕೂಡಿಸುತ್ತಾರೆ. ಡೊಂಕು ದೊಡ್ಡದಾಗುವ ಮೊದಲೇ ಮಾಡಿದರೆ ಕೆಲವೇ ಮಣಿಗಳನ್ನು ಕೂಡಿಸಿದರೆ ಸಾಕು, ಉಳಿದ ಬೆನ್ನು ಬೆಳೆಯಲು ಬಿಡಬಹುದು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಅವಕಾಶ ಇದೆ. ಅದರ ಕಾಗದಪತ್ರ ಈಗಲೇ ಜೋಡಿಸಿ ಇಟ್ಟಿದ್ದೇನೆ.

ಅತ್ತೆ ಡಾಕ್ಟರನ್ನು ನೇರವಾಗಿ ಕೇಳಿದರು, ಗ್ರಹಣದಿಂದ ಅಲ್ಲವಾ ಅಂತ. ಡಾಕ್ಟರು ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದರು, ಅದೇ ಸಮಾಧಾನದಿಂದ. ಅತ್ತೆ ಏನೂ ಮಾತಾಡಲಿಲ್ಲ.

ವಾಪಸು ಬರುವಾಗ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ರಸ್ತೆಯ ಆಚೀಚೆ ಹೆಸರು ಬಿಡಿಸುತ್ತಿದ್ದರು. ಅಣ್ಣಿಗೇರಿ ದಾಟಿದ ಮೇಲೆ ಅತ್ತೆ ಕಿಟಕಿಯ ಕಡೆಗೆ ಮುಖ ಮಾಡಿ ಹೇಳತೊಡಗಿದರು. 1980ರ ಫೆಬ್ರವರಿ 16ರ ಗ್ರಹಣ. ನಮ್ಮ ಸೀಮೆಯ ಮೇಲೇ ಹಾದುಹೋದ ಪೂರ್ಣ ಸೂರ್ಯಗ್ರಹಣ. ಮಧ್ಯಾಹ್ನ ಮೂರೂವರೆಯ ಮೇಲೆ ಹೊತ್ತು ಮುಳುಗಿದ ಹಾಗೆ ಕತ್ತಲಾಯಿತಂತೆ, ಹಕ್ಕಿಗಳು ಗೂಡಿಗೆ ತಿರುಗಿದವಂತೆ. ಅತ್ತೆಗೆ ಆಗ ಇಪ್ಪತ್ತು ವರ್ಷ, ಮೊದಲ ಬಸುರಿ. ಕಿಟಕಿ ಇಲ್ಲದ ಒಳಕೋಣೆಯಲ್ಲಿ ಕೂರಿಸಿದ್ದರು. "ನೀರು ಮುಟ್ಟಲಿಲ್ಲ. ಮಗ್ಗಲು ಬದಲಿಸಲಿಲ್ಲ. ಕೈ ಮಡಚಿದ್ರ ಕೂಸಿನ ಕೈ ಮಡಚತೈತಿ ಅಂತ ಚಾಚಿಕೊಂಡು ಕುಂತಿದ್ದೆ. ಆದ್ರೂ ಆ ಕೂಸಿಗೆ ತುಟಿ ಸೀಳಿತ್ತು."

ಆ ಮಗುವಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಮಾತಾಡಿರಲಿಲ್ಲ. ಹಾಲು ಚೀಪಲಾಗದೆ ಮೂರು ವಾರಕ್ಕೆ ಹೋಯಿತಂತೆ. ನೀನು ಬಾಗಿಲ ಸಂದಿಯಿಂದ ಹಣಿಕಿ ಹಾಕಿರಬೇಕು ಅಂತ ಅವರ ಅತ್ತೆ ಸಾಯುವವರೆಗೂ ಅನ್ನುತ್ತಿದ್ದರಂತೆ.

"ಹಣಿಕಿ ಹಾಕಿರಲಿಲ್ಲವ್ವಾ ನಾನು" ಅಂದರು. 45 ವರ್ಷದ ಹಿಂದಿನ ಮಾತಿಗೆ ಈಗ ಉತ್ತರ ಕೊಡುವ ಹಾಗೆ. ನಾನು ಅವರ ಕೈ ಹಿಡಿದುಕೊಂಡೆ. ಹುಲಕೋಟಿ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

ಸೆಪ್ಟೆಂಬರ್ 7, ಭಾನುವಾರ, ಚಂದ್ರಗ್ರಹಣ. ನಾದಿನಿ ನಮ್ಮಲ್ಲೇ ಇದ್ದಳು, ಏಳು ತಿಂಗಳು ನಡೆಯುತ್ತಿತ್ತು. ರಾತ್ರಿ ಹತ್ತಕ್ಕೆ ಹಿಡಿಯುತ್ತದೆ ಅಂತ ಓಣಿಯಲ್ಲಿ ಎಲ್ಲರೂ ಸಂಜೆಯೇ ಉಂಡು ಬಾಗಿಲು ಹಾಕಿಕೊಂಡಿದ್ದರು. ಹನ್ನೊಂದರ ಹೊತ್ತಿಗೆ ಚಂದ್ರ ಪೂರ್ತಿ ಕೆಂಪಾಗಿತ್ತು. ನಾದಿನಿ ಎದ್ದು ಕೂತು, ಹಸಿವು ಅಂದಳು. ನಾನು ಅತ್ತೆಯ ಮುಖ ನೋಡಿದೆ.

ಅತ್ತೆ ಎದ್ದು ಒಳಗೆ ಹೋದರು. ದೀಪ ಹಾಕಿದರು. ಬುಟ್ಟಿಯಿಂದ ಒಂದು ಪೇರಲಹಣ್ಣು ತೆಗೆದುಕೊಂಡು ಈಳಿಗೆಯ ಮುಂದೆ ಕೂತರು. ಹಣ್ಣು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ನಾಲ್ಕು ಹೋಳು ಮಾಡಿ, ಉಪ್ಪು ಖಾರ ಹಚ್ಚಿ ತಮ್ಮ ಮಗಳ ಕೈಗೆ ಕೊಟ್ಟರು.